ಹಳೇ ಗೇಮಿಂಗ್ ಕಂಪ್ಯೂಟರ್‌ಗೆ ಹೊಸ ಪ್ರೊಸೆಸರ್: ಮೊದಲು ನಿಮ್ಮ ರ‍್ಯಾಮ್ ಯಾವುದು ನೋಡಿ

ನನ್ನ ಕಂಪ್ಯೂಟರ್‌ನಲ್ಲಿ ಇದ್ದದ್ದು ಎಎಂಡಿ ಕಂಪನಿಯ ರೈಜನ್ 5 1600 ಪ್ರೊಸೆಸರ್. 2017ರ ಸರಕು. ಆರು ಕೋರ್ (ಲೆಕ್ಕ ಮಾಡುವ ಭಾಗ), ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಯುವ ಕೆಲಸದ ಸಾಲು). ಆ ಕಾಲಕ್ಕೆ ಭರ್ಜರಿ ಪ್ರೊಸೆಸರೇ. ನಡುವೆ ಒಮ್ಮೆ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಿದೆ, ಉಳಿದದ್ದನ್ನು ಮುಟ್ಟಲಿಲ್ಲ. ಆಟದಲ್ಲಿ ಬಯಲಲ್ಲಿ ಕುದುರೆ ಓಡಿಸುವಾಗ ಎಲ್ಲಾ ನುಣುಪಾಗಿರುತ್ತಿತ್ತು. ಜನ ತುಂಬಿದ ಸಂತೆ ಬೀದಿಗೆ ಕಾಲಿಟ್ಟ ಕೂಡಲೇ ಕುಂಟು ಶುರು. ಸೆಟ್ಟಿಂಗನ್ನು ಅಲ್ಟ್ರಾದಿಂದ ಲೋಗೆ ಇಳಿಸಿದೆ. ಚಿತ್ರ ಕೆಟ್ಟಿತು, ಕುಂಟು ಮಾತ್ರ ಹೋಗಲಿಲ್ಲ.

ಇಲ್ಲೇ ಸಿಕ್ಕಿತು ರೋಗದ ಸುಳಿವು. ಗ್ರಾಫಿಕ್ಸ್ ಕಾರ್ಡ್ ಚಿತ್ರ ಬಿಡಿಸುತ್ತದೆ. ಆದರೆ ಏನು ಬಿಡಿಸಬೇಕು ಅಂತ ಹೇಳುವುದು ಪ್ರೊಸೆಸರ್. ಸಂತೆಯಲ್ಲಿ ಓಡಾಡುವ ಒಬ್ಬೊಬ್ಬನೂ ಎಲ್ಲಿದ್ದಾನೆ, ಯಾವ ಕಡೆ ತಿರುಗುತ್ತಾನೆ, ಯಾರಿಗೆ ಡಿಕ್ಕಿ ಹೊಡೆಯುತ್ತಾನೆ, ಎಲ್ಲಾ ಲೆಕ್ಕ ಅದರದ್ದೇ. ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ಬೇಕು ಅಂದರೆ ಒಂದು ಫ್ರೇಮ್‌ಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. 144 ಬೇಕು ಅಂದರೆ 7 ಮಿಲಿಸೆಕೆಂಡೂ ಇಲ್ಲ. ಅಷ್ಟರಲ್ಲಿ ಲೆಕ್ಕ ಮುಗಿಯಲಿಲ್ಲ ಅಂದರೆ ಎಂಥಾ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಅದು ಕೈಕಟ್ಟಿ ಕೂತಿರಬೇಕು ಅಷ್ಟೇ.

ಹಾಗಾಗಿ ಏನಾದರೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಕುಂಟುವ ಜಾಗದಲ್ಲೇ ನಿಂತು ರೆಸಲ್ಯೂಶನ್ ಇಳಿಸಿ. 1080ರಲ್ಲಿ ಆಡುತ್ತಿದ್ದರೆ 720ಕ್ಕೆ ಬನ್ನಿ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಸಿಗುವ ಫ್ರೇಮ್, ಜಿಗಿದರೆ ಅಡ್ಡಿ ಇರುವುದು ಗ್ರಾಫಿಕ್ಸ್ ಕಾರ್ಡ್‌ನಲ್ಲಿ, ಈ ಲೇಖನ ನಿಮಗೆ ಬೇಕಾಗಿಲ್ಲ. ಎಫ್‌ಪಿಎಸ್ ಅಲ್ಲೇ ನಿಂತರೆ, ಗ್ರಾಫಿಕ್ಸ್ ಕಾರ್ಡ್‌ನ ಬಳಕೆ 60-70 ಪರ್ಸೆಂಟಿಗೆ ಬಿದ್ದರೆ, ಪ್ರೊಸೆಸರ್ ಸೋತಿದೆ ಅಂತ ಅರ್ಥ.

ಟಾಸ್ಕ್ ಮ್ಯಾನೇಜರ್ ನೋಡಿ ಮೋಸ ಹೋಗಬೇಡಿ. ಸಂತೆಯಲ್ಲಿ ಆಟ ಒದ್ದಾಡುತ್ತಿದ್ದಾಗ ನನ್ನ ಪ್ರೊಸೆಸರ್ ಬಳಕೆ 45 ಪರ್ಸೆಂಟ್ ತೋರಿಸುತ್ತಿತ್ತು. ಅರ್ಧ ಖಾಲಿ ಇದೆಯಲ್ಲ ಅನ್ನಿಸುತ್ತದೆ. ಆದರೆ ಅದು ಹನ್ನೆರಡು ಥ್ರೆಡ್‌ಗಳ ಸರಾಸರಿ. ಒಂದು ಥ್ರೆಡ್ ಪೂರ್ತಿ ಸುಸ್ತಾದರೂ ಆ ಲೆಕ್ಕಕ್ಕೆ ಸೇರುವುದು ಬರೀ 8 ಪರ್ಸೆಂಟ್. ಬಹಳಷ್ಟು ಆಟಗಳು ಮುಖ್ಯ ಕೆಲಸವನ್ನು ಒಂದೇ ಥ್ರೆಡ್ ಮೇಲೆ ಹೇರುತ್ತವೆ. ಅದು ಮುಗಿಯುವ ತನಕ ಉಳಿದವು ಕಾಯುತ್ತವೆ.

ಇನ್ನೊಂದು ಪುಕ್ಕಟೆ ಔಷಧಿಯನ್ನೂ ನೋಡಿಬಿಡಿ. ನನ್ನ ಗೆಳೆಯನೊಬ್ಬ ವೇಗ 3200 ಅಂತ ಬರೆದ ರ‍್ಯಾಮ್ ತಂದು ಹಾಕಿ ನಾಲ್ಕು ವರ್ಷ 2133ರಲ್ಲಿ ಓಡಿಸುತ್ತಿದ್ದ. ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್) ಹೋಗಿ, ಬರೆದಿರುವ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ರೈಜನ್‌ನಲ್ಲಿ ಇದರ ಪೆಟ್ಟು ಇನ್ನೂ ಜಾಸ್ತಿ. ಯಾಕೆಂದರೆ ಚಿಪ್‌ನ ಒಳಭಾಗಗಳನ್ನು ಜೋಡಿಸುವ ದಾರಿಯ ವೇಗವೂ ರ‍್ಯಾಮ್ ವೇಗಕ್ಕೆ ಕಟ್ಟಿಕೊಂಡಿರುತ್ತದೆ. ಒಂದೇ ರ‍್ಯಾಮ್ ಕಡ್ಡಿ ಹಾಕಿ ಓಡಿಸುವವರೂ ಅಷ್ಟೇ, ಅರ್ಧ ರಸ್ತೆಯನ್ನು ಸುಮ್ನೆ ಮುಚ್ಚಿಟ್ಟುಕೊಂಡ ಹಾಗೆ.

ಸಲಹೆ ತಿರುವುಮುರುವಾದದ್ದು ಹೇಗೆ

ಇದೇ ಪ್ರಶ್ನೆಯನ್ನು 2024ರಲ್ಲಿ ಕೇಳಿದ್ದರೆ ಉತ್ತರ ಸುಲಭವಿತ್ತು. ಹಳೇ ಮದರ್‌ಬೋರ್ಡ್ ಬಿಡಿ, ಎಎಂಡಿಯ ಹೊಸ ಸಾಕೆಟ್ (ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಎಎಂ5ಗೆ ಹೋಗಿ, ಅದಕ್ಕೆ ಬೇಕಾದ ಹೊಸ ತಲೆಮಾರಿನ ರ‍್ಯಾಮ್ ಡಿಡಿಆರ್5 ಅಗ್ಗವಾಗಿದೆ, ಮುಂದೆ ಪ್ರೊಸೆಸರ್ ಮಾತ್ರ ಬದಲಾಯಿಸಿಕೊಳ್ಳಬಹುದು. ನಾನೂ ಎಷ್ಟೋ ಜನಕ್ಕೆ ಹಾಗೇ ಹೇಳಿದ್ದೇನೆ.

2025ರ ಕೊನೆಗೆ ಲೆಕ್ಕ ಬುಡಮೇಲಾಯಿತು. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ದೊಡ್ಡ ಪಾಲು ಮಾಡುವುದು ಮೂರೇ ಕಂಪನಿಗಳು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಬೇಕಾಗುವ ಎಚ್‌ಬಿಎಂ ಅನ್ನುವ ಅತಿ ವೇಗದ ಮೆಮೊರಿಯನ್ನು ಮಾಡುವುದೂ ಇದೇ ಮೂವರು. ನಮ್ಮ ಕಂಪ್ಯೂಟರ್‌ನ ರ‍್ಯಾಮ್‌ಗೂ ಅದಕ್ಕೂ ಒಂದೇ ಕಾರ್ಖಾನೆ ಸಾಲು, ಒಂದೇ ಸಿಲಿಕಾನ್ ತಟ್ಟೆ. ಯಾರು ಜಾಸ್ತಿ ದುಡ್ಡು ಕೊಡುತ್ತಾರೋ ಅವರ ಕಡೆ ತಟ್ಟೆ ಹೋಯಿತು. ಕೆಲವೇ ತಿಂಗಳಲ್ಲಿ ಡಿಡಿಆರ್5 ಬೆಲೆ ಎರಡು ಪಟ್ಟಿಗೂ ಮೀರಿ ಏರಿತು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ರ‍್ಯಾಮ್ ಮತ್ತು ಎಸ್‌ಎಸ್‌ಡಿ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಸುಮಾರು 30 ವರ್ಷದ ಹೆಸರು ಅದು.

ಹಾಗಾಗಿ ಈಗ ಪ್ರೊಸೆಸರ್ ಆರಿಸುವುದು ಅಂದರೆ ಮೊದಲು ರ‍್ಯಾಮ್ ಆರಿಸುವುದು. ಪ್ರೊಸೆಸರ್‌ಗೆ ಸಾಕೆಟ್ ಹೊಂದಬೇಕು. ಸಾಕೆಟ್ ಬದಲಾದರೆ ಬೋರ್ಡ್ ಬದಲು. ಬೋರ್ಡ್ ಬದಲಾದರೆ ರ‍್ಯಾಮ್ ಕೂಡ ಹೊಸದು ಬೇಕಾಗಬಹುದು. ಡಿಡಿಆರ್4 ಕಡ್ಡಿ ಡಿಡಿಆರ್5 ಸ್ಲಾಟ್‌ಗೆ ಕೂರುವುದೇ ಇಲ್ಲ, ಕಚ್ಚು ಇರುವ ಜಾಗವೇ ಬೇರೆ. ಮೂರರಲ್ಲಿ ಮೊದಲು ರ‍್ಯಾಮ್ ಅಗ್ಗದ ಬಾಬ್ತು, ಈಗ ಕೆಲವೊಮ್ಮೆ ಪ್ರೊಸೆಸರ್‌ಗಿಂತ ಅದೇ ದುಬಾರಿ. ನಿಮ್ಮ ಹತ್ತಿರ 16 ಅಥವಾ 32 ಜಿಬಿ ಡಿಡಿಆರ್4 ಇದೆಯಾ? ಅದು ಆಸ್ತಿ. ಅದನ್ನು ಬಿಟ್ಟುಕೊಡುವ ಮೊದಲು ಎರಡು ಸಲ ಯೋಚಿಸಿ.

ಎಎಂ4 ಇರುವವರು ಅದೃಷ್ಟವಂತರು

ಎಎಂ5ಗಿಂತ ಹಿಂದಿನ, ಡಿಡಿಆರ್4 ಬಳಸುವ ಎಎಂ4 ಸಾಕೆಟ್ ಬಂದದ್ದು 2016ರಲ್ಲಿ. ಮೊದಲ ರೈಜನ್ ಬಂದದ್ದು 2017ರ ಮಾರ್ಚ್‌ನಲ್ಲಿ. ಅದೇ ಸಾಕೆಟ್‌ಗೆ 2020ರ ನವೆಂಬರ್‌ನಲ್ಲಿ ರೈಜನ್ 5000 ಬಂತು, 2022ರಲ್ಲಿ 5800ಎಕ್ಸ್3ಡಿ ಬಂತು. ಬಿ350, ಎಕ್ಸ್370ನಂಥ ಮೊದಲ ಬೋರ್ಡ್‌ಗಳಿಗೆ ರೈಜನ್ 5000 ಹೊಂದುವುದಿಲ್ಲ ಅಂತ ಎಎಂಡಿ ಶುರುವಲ್ಲಿ ಹೇಳಿತ್ತು. ಬಳಕೆದಾರರು ಬಿಡಲಿಲ್ಲ. 2022ರಲ್ಲಿ ಅದಕ್ಕೂ ಬಯೋಸ್ ಅಪ್‌ಡೇಟ್ ಸಿಕ್ಕಿತು. ಅಂದರೆ 2017ರ ಬೋರ್ಡ್‌ಗೆ ಐದು ವರ್ಷ ಆಮೇಲಿನ ಪ್ರೊಸೆಸರ್. ಇಂಥದ್ದು ಈ ವ್ಯಾಪಾರದಲ್ಲಿ ಅಪರೂಪ.

ಬೋರ್ಡ್ ಕಂಪನಿಯ ತಾಣದಲ್ಲಿ ನಿಮ್ಮ ಮಾಡೆಲ್‌ನ ಪುಟ ತೆಗೆದು, ಯಾವ ಪ್ರೊಸೆಸರ್‌ಗೆ ಯಾವ ಬಯೋಸ್ ಅಂತ ಇರುವ ಪಟ್ಟಿ ನೋಡಿ. ರಿವಿಷನ್ ನಂಬರ್ ಸಮೇತ ನೋಡಿ. ಅದು ಬೋರ್ಡ್ ಮೇಲೇ ಸಣ್ಣದಾಗಿ ಅಚ್ಚಾಗಿರುತ್ತದೆ. ಬಯೋಸ್ ಅಪ್‌ಡೇಟ್ ಮಾಡಬೇಕಾದ್ದು ಹಳೇ ಪ್ರೊಸೆಸರ್ ಇನ್ನೂ ಬೋರ್ಡ್‌ನಲ್ಲಿ ಇರುವಾಗಲೇ. ಹೊಸ ಚಿಪ್ ಕೂರಿಸಿದ ಮೇಲೆ ನೆನಪಾದರೆ ಪರದೆ ಕಪ್ಪಾಗಿಯೇ ಇರುತ್ತದೆ. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಹಾಕುವ ಫ್ಲ್ಯಾಶ್‌ಬ್ಯಾಕ್ ಬಟನ್ ಕೆಲವು ಬೋರ್ಡ್‌ಗಳಲ್ಲಿದೆ. ಆದರೆ ಹಳೇ ಅಗ್ಗದ ಬೋರ್ಡ್‌ಗಳಲ್ಲಿ ಅದನ್ನು ನಿರೀಕ್ಷಿಸಬೇಡಿ.

ಯಾವ ಚಿಪ್? ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ರೈಜನ್ 5 5600 ಸಾಕು. 65 ವ್ಯಾಟ್‌ನದ್ದು, ಹಳೇ ಬೋರ್ಡ್‌ನ ಪವರ್ ಭಾಗ ಅದನ್ನು ಸಲೀಸಾಗಿ ತಡೆದುಕೊಳ್ಳುತ್ತದೆ. 105 ವ್ಯಾಟ್‌ನ ಹನ್ನೆರಡು, ಹದಿನಾರು ಕೋರ್ ಚಿಪ್‌ಗಳನ್ನು ಅಗ್ಗದ ಬೋರ್ಡ್‌ಗೆ ಹಾಕುವುದು ಬೇಡ, ಬರೀ ಆಟಕ್ಕೆ ಅಷ್ಟು ಕೋರ್ ಬೇಕಾಗಿಯೂ ಇಲ್ಲ. 2020ರ ಪ್ಲೇಸ್ಟೇಷನ್ 5ರಲ್ಲಿ ಇರುವುದೇ ಎಂಟು ಕೋರ್. ಇವತ್ತಿನ ದೊಡ್ಡ ಆಟಗಳು ಆ ಯಂತ್ರವನ್ನು ಕಣ್ಣೆದುರು ಇಟ್ಟುಕೊಂಡೇ ತಯಾರಾಗುತ್ತವೆ. ಆರು ಒಳ್ಳೆ ಕೋರ್ ಇದ್ದರೆ ನಡೆಯುತ್ತದೆ, ಎಂಟಿದ್ದರೆ ನಿಶ್ಚಿಂತೆ.

ಹೆಸರಲ್ಲಿ ಒಂದು ಮೋಸ ಇದೆ. ರೈಜನ್ 5 5500 ಅಂದರೆ 5600ಕ್ಕಿಂತ ಚೂರು ಕಡಿಮೆ ಅಂದುಕೊಳ್ಳುತ್ತೇವೆ, ಅಲ್ವಾ? ಒಳಗೆ ಅದು ಬೇರೆಯೇ ಚಿಪ್. ಎಲ್3 ಕ್ಯಾಷ್ 32 ಎಂಬಿ ಬದಲು 16 ಎಂಬಿ. ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುವ ದಾರಿ, ಪಿಸಿಐಇ, 4.0 ಬದಲು 3.0. ಎಎಂ5ನಲ್ಲೂ ಇದೇ ಕಥೆ. 8600ಜಿ, 8500ಜಿ ಅನ್ನುವ ಹೆಸರು ನೋಡಿ 7600ಗಿಂತ ಹೊಸದು, ಚೆನ್ನಾಗಿರಬಹುದು ಅಂತ ತರುತ್ತಾರೆ. ಅವು ಲ್ಯಾಪ್‌ಟಾಪ್ ಚಿಪ್‌ನ ವಂಶದವು, ಕ್ಯಾಷ್ 16 ಎಂಬಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಅದಕ್ಕೆ ಸಿಗುವ ದಾರಿಯೂ ಕಿರಿದು.

ಕ್ಯಾಷ್ ಬಗ್ಗೆ ಇಷ್ಟೊಂದು ಯಾಕೆ ಗೊಣಗುತ್ತಿದ್ದೇನೆ ಅಂತ ಹೇಳಿಬಿಡುತ್ತೇನೆ. ಪ್ರೊಸೆಸರ್‌ಗೆ ಕ್ಯಾಷ್ ಅಂದರೆ ಕೈಗೆಟುಕುವ ಮೇಜು. ರ‍್ಯಾಮ್ ಅಂದರೆ ಅಟ್ಟ. ಮೇಜಿನಿಂದ ಎತ್ತಿಕೊಳ್ಳಲು ಸುಮಾರು 10 ನ್ಯಾನೋಸೆಕೆಂಡ್ ಸಾಕು. ಅಟ್ಟ ಹತ್ತಿ ಇಳಿಯಲು ಅದರ ಏಳೆಂಟು ಪಟ್ಟು ಬೇಕು. ಸಂತೆಯಲ್ಲಿ ಅಡ್ಡಾಡುವ ಇನ್ನೂರು ಜನರ ವಿವರ ಮೇಜಿನ ಮೇಲೆ ಹಿಡಿಸದಿದ್ದರೆ ಪ್ರೊಸೆಸರ್ ಪ್ರತಿ ಫ್ರೇಮ್‌ಗೂ ಅಟ್ಟ ಹತ್ತುತ್ತಾ ಇರುತ್ತದೆ. 5800ಎಕ್ಸ್3ಡಿಯಲ್ಲಿ ಎಎಂಡಿ ಮಾಡಿದ್ದು ಇಷ್ಟೇ: 32 ಎಂಬಿ ಕ್ಯಾಷ್ ಮೇಲೆ ಇನ್ನೂ 64 ಎಂಬಿಯ ಪದರ ಕೂರಿಸಿ 96 ಎಂಬಿ ಮಾಡಿತು. ಗಡಿಯಾರದ ವೇಗ ಮಾಮೂಲಿ 5800ಎಕ್ಸ್‌ಗಿಂತ ಕಡಿಮೆ. ಆದರೂ ಆಟದಲ್ಲಿ ಮುಂದೆ. ಬೇರೆ ಕೆಲಸಗಳಲ್ಲಿ, ಉದಾಹರಣೆಗೆ ವಿಡಿಯೋ ರೆಂಡರ್ ಮಾಡುವಾಗ, ಈ ಮೇಜಿನಿಂದ ಅಂಥಾ ಲಾಭ ಏನೂ ಇಲ್ಲ.

ದೊಡ್ಡ ಮೇಜಿನಿಂದ ಇನ್ನೊಂದು ಉಪಕಾರ ಇದೆ, ಅದರ ಬೆಲೆ ಈಗ ಗೊತ್ತಾಗುತ್ತಿದೆ. ಅಟ್ಟ ಹತ್ತುವುದೇ ಕಡಿಮೆಯಾದಾಗ ಅಟ್ಟದ ಏಣಿ ನಿಧಾನವಿದ್ದರೂ ಅಷ್ಟು ತೊಂದರೆಯಿಲ್ಲ. ಎಕ್ಸ್3ಡಿ ಚಿಪ್‌ಗಳು ನಿಧಾನದ ರ‍್ಯಾಮ್ ಜೊತೆಗೂ ಹೆಚ್ಚು ಸೊರಗುವುದಿಲ್ಲ. ಹಳೇ ಡಿಡಿಆರ್4 ಇಟ್ಟುಕೊಂಡೇ ಮುಂದೆ ಹೋಗಬೇಕು ಅನ್ನುವವರಿಗೆ 5800ಎಕ್ಸ್3ಡಿ, 2024ರ ಜನವರಿಯಲ್ಲಿ ಬಂದ 5700ಎಕ್ಸ್3ಡಿ ಇವೆರಡೇ ಎಎಂ4ನ ತುದಿ. ಇದೇ ಕಾರಣಕ್ಕೆ ಅವು ಸಿಗುವುದು ಅಪರೂಪವಾಗಿ, ಬಳಸಿದ್ದಕ್ಕೂ ಜನ ಹೆಚ್ಚು ಬೆಲೆ ಹೇಳುತ್ತಾರೆ. ಹೊಸ ಬೋರ್ಡ್, ರ‍್ಯಾಮ್ ಎರಡೂ ಸೇರಿಸಿದ ಖರ್ಚಿನ ಹತ್ತಿರ ಹೋದರೆ ಬಿಟ್ಟುಬಿಡಿ.

ಇಂಟೆಲ್ ಕಡೆಯವರ ಕಥೆ ಬೇರೆ

ಇಂಟೆಲ್‌ನ ಎಲ್‌ಜಿಎ 1151 ಸಾಕೆಟ್ ನೋಡಿ. ಆರನೇ ತಲೆಮಾರಿನಿಂದ ಒಂಬತ್ತನೆಯದರ ತನಕ ಅದೇ ಹೆಸರು, ಪಿನ್ ಎಣಿಕೆಯೂ ಅದೇ. ಆದರೆ ಎಂಟು, ಒಂಬತ್ತನೆಯದಕ್ಕೆ 300 ಸರಣಿಯ ಬೋರ್ಡೇ ಬೇಕು. 2017ರ ಜನವರಿಯಲ್ಲಿ ಐ7-7700ಕೆ ಕೊಂಡವನು ನಾಲ್ಕು ಕೋರ್‌ನ ಚಿಪ್ ಕೊಂಡ. ಅದೇ ಅಕ್ಟೋಬರ್‌ನಲ್ಲಿ ಆರು ಕೋರ್‌ನ 8700ಕೆ ಬಂತು, ಅವನ ಬೋರ್ಡ್‌ಗೆ ಹಾಕುವಂತಿಲ್ಲ. ಹೊಟ್ಟೆ ಉರಿಯುತ್ತದೋ ಇಲ್ಲವೋ?

ಆರು, ಏಳನೇ ತಲೆಮಾರಿನ ಐ5 ಇಟ್ಟುಕೊಂಡು, ಬಳಸಿದ ಐ7-7700 ಸಿಕ್ಕರೆ ಹಾಕೋಣ ಅನ್ನುವವರಿಗೆ ನನ್ನ ಮಾತು: ಬೇಡ. ಒಂದು ಸಾಕೆಟ್‌ನ ಕೊನೆಯ ದೊಡ್ಡ ಚಿಪ್‌ಗೆ ಯಾವಾಗಲೂ ಯೋಗ್ಯತೆಗಿಂತ ಜಾಸ್ತಿ ಬೆಲೆ, ಯಾಕೆಂದರೆ ಆ ಬೋರ್ಡ್ ಇರುವವರೆಲ್ಲ ಅದರ ಹಿಂದೆಯೇ ಬಿದ್ದಿರುತ್ತಾರೆ. ಅದೂ ಅಲ್ಲದೆ ಅದು ವಿಂಡೋಸ್ 11 ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಇಲ್ಲ. 300 ಸರಣಿಯ ಬೋರ್ಡ್‌ನಲ್ಲಿ ಐ3-8100 ಇದ್ದರೆ ಮಾತು ಬೇರೆ, ಎಂಟು ಕೋರ್‌ನ 9700 ಅಥವಾ 9900 ತನಕ ದಾರಿ ಇದೆ.

ಬೋರ್ಡ್ ಬದಲಿಸಲೇಬೇಕು, ಆದರೆ ಡಿಡಿಆರ್4 ಉಳಿಸಿಕೊಳ್ಳಬೇಕು ಅಂದರೆ ಎರಡು ಬಾಗಿಲು. ಒಂದು, ಹೊಸ ಎಎಂ4 ಬೋರ್ಡ್ ಜೊತೆ ರೈಜನ್ 5000. ಇನ್ನೊಂದು, ಇಂಟೆಲ್‌ನ ಎಲ್‌ಜಿಎ 1700. ಈ ಸಾಕೆಟ್‌ನಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ, ಹೆಸರಿನ ಕೊನೆಯಲ್ಲಿರುವ ಅಕ್ಷರ ನೋಡದೆ ತಂದರೆ ಕೆಟ್ಟಿರಿ. ಐ5-12400ಎಫ್ ಇಲ್ಲಿಯ ನಂಬಿಕಸ್ಥ ಆಳು. ಆರು ಕೋರ್, ಹನ್ನೆರಡು ಥ್ರೆಡ್, ಬಿಸಿ ಕಡಿಮೆ. 13, 14ನೇ ತಲೆಮಾರು ಇನ್ನೂ ಚುರುಕು, ಆದರೆ ಅವುಗಳ ದೊಡ್ಡ ಚಿಪ್‌ಗಳಲ್ಲಿ ವೋಲ್ಟೇಜ್ ಏರಿ ಚಿಪ್ ನಿಧಾನಕ್ಕೆ ಹಾಳಾಗುವ ಸಮಸ್ಯೆ ಇತ್ತು. 2024ರಲ್ಲಿ ಇಂಟೆಲ್ ಮೈಕ್ರೋಕೋಡ್ (ಚಿಪ್‌ನ ಒಳಗಿನ ಸೂಚನೆಗಳು) ತಿದ್ದುಪಡಿ ಕೊಟ್ಟು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಹೊಸದಾಗಿ ತರುವವರು ಮೊದಲ ದಿನವೇ ಬಯೋಸ್ ಅಪ್‌ಡೇಟ್ ಮಾಡಿದರೆ ಸರಿ. ಬಳಸಿದ್ದನ್ನು ತರುವುದು ಮಾತ್ರ ಜೂಜು. ಆಗಲೇ ಆದ ಹಾನಿಯನ್ನು ಯಾವ ಅಪ್‌ಡೇಟೂ ಸರಿಮಾಡುವುದಿಲ್ಲ.

2024ರ ಅಕ್ಟೋಬರ್‌ನ ಕೋರ್ ಅಲ್ಟ್ರಾ 200 ಸರಣಿಗೆ ಹೊಸ ಸಾಕೆಟ್, ಡಿಡಿಆರ್5 ಮಾತ್ರ. ಕರೆಂಟ್ ಕಡಿಮೆ ತಿನ್ನುತ್ತದೆ, ನಿಜ. ಆದರೆ ಎಷ್ಟೋ ಆಟಗಳಲ್ಲಿ ತನ್ನ ಹಿಂದಿನ 14ನೇ ತಲೆಮಾರನ್ನೇ ದಾಟಲಿಲ್ಲ. ಬರೀ ಆಟಕ್ಕೆ ಅಂತ ಅದನ್ನು ಕೊಳ್ಳಲು ನನಗೆ ಕಾರಣ ಕಾಣಲಿಲ್ಲ.

ಎಲ್ಲಾ ಹೊಸದಾಗಿಯೇ ಬೇಕು ಅನ್ನುವವರಿಗೆ, ಅಥವಾ ಈಗಲೂ ಡಿಡಿಆರ್3ರಲ್ಲಿ ಇರುವವರಿಗೆ, ಎಎಂ5 ಸರಿ. 2022ರ ಸೆಪ್ಟೆಂಬರ್‌ನಲ್ಲಿ ಬಂತು, 2027 ಮತ್ತು ಆಮೇಲೂ ಬೆಂಬಲ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. ಬಿ650 ಬೋರ್ಡ್, ರೈಜನ್ 5 7600, ಎರಡೇ ರ‍್ಯಾಮ್ ಕಡ್ಡಿ. ನಾಲ್ಕು ಸ್ಲಾಟ್ ಇದೆ ಅಂತ ನಾಲ್ಕೂ ತುಂಬಿಸಿದರೆ ಡಿಡಿಆರ್5ರ ವೇಗ ಇಳಿಯುತ್ತದೆ, ಕೆಲವೊಮ್ಮೆ ಸ್ಥಿರವಾಗಿ ಓಡುವುದೂ ಇಲ್ಲ. 7800ಎಕ್ಸ್3ಡಿ, 9800ಎಕ್ಸ್3ಡಿ ಮುಂದೆಂದಾದರೂ ಅದೇ ಬೋರ್ಡ್‌ಗೆ ಹಾಕಬಹುದು. ದುಬಾರಿ ಎಕ್ಸ್870 ಬೋರ್ಡ್‌ನಿಂದ ಎಫ್‌ಪಿಎಸ್ ಏರುವುದಿಲ್ಲ. ಅದರ ದುಡ್ಡು ಹೋಗುವುದು ಯುಎಸ್‌ಬಿ4, ಜಾಸ್ತಿ ಸ್ಲಾಟ್, ಬಣ್ಣದ ದೀಪಕ್ಕೆ.

ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಒಂದೇ ಮಾತು. ಹಳೇ ಬೋರ್ಡ್‌ನ ಪಿಸಿಐಇ 3.0 ಸಾಕಾ ಅಂತ ಎಲ್ಲರೂ ಕೇಳುತ್ತಾರೆ. 16 ಲೇನ್ (ಡೇಟಾ ಓಡುವ ಸಾಲು) ಬಳಸುವ ಕಾರ್ಡ್‌ಗೆ ಸಾಕು. 8 ಲೇನ್‌ನ ಆರ್‌ಟಿಎಕ್ಸ್ 4060ರಂಥದ್ದಕ್ಕೆ ಸ್ವಲ್ಪ ನಷ್ಟ. 4 ಲೇನ್‌ನ ಆರ್‌ಎಕ್ಸ್ 6500 ಎಕ್ಸ್‌ಟಿಗೆ ದೊಡ್ಡ ಪೆಟ್ಟು. ಇಂಟೆಲ್‌ನ ಆರ್ಕ್ ಬಿ580ಗೆ ಪ್ರೊಸೆಸರೇ ಹಳೆಯದಾದರೆ ಆಗುವುದಿಲ್ಲ, ಅದರ ಡ್ರೈವರ್ ಪ್ರೊಸೆಸರ್ ಮೇಲೆ ತುಂಬಾ ಭಾರ ಹಾಕುತ್ತದೆ.

ಬಿಚ್ಚುವ ದಿನ

ನಾನು ಕೊನೆಗೆ ಬೋರ್ಡ್ ಉಳಿಸಿಕೊಂಡು 5600 ತಂದೆ. ಬಯೋಸ್ ಅಪ್‌ಡೇಟ್ ಆಯಿತು. ಆಮೇಲೆ ಕೂಲರ್ ಎತ್ತಲು ಹೋದೆ. ಏಳು ವರ್ಷ ಒಣಗಿದ ಥರ್ಮಲ್ ಪೇಸ್ಟ್ (ಚಿಪ್‌ಗೂ ಕೂಲರ್‌ಗೂ ನಡುವೆ ಹಚ್ಚುವುದು) ಗೋಂದಿನಂತೆ ಕಚ್ಚಿತ್ತು. ನೇರ ಮೇಲಕ್ಕೆ ಎಳೆದೆ. ಟಕ್ ಅಂತ ಸದ್ದಾಯಿತು. ಕೂಲರ್ ಜೊತೆ ಪ್ರೊಸೆಸರೂ ಕಿತ್ತು ಬಂದಿತ್ತು, ಸಾಕೆಟ್‌ನ ಲಿವರ್ ಇನ್ನೂ ಮುಚ್ಚಿಯೇ ಇತ್ತು. ಎಎಂ4ನಲ್ಲಿ ಪಿನ್ ಇರುವುದು ಚಿಪ್‌ನ ಹೊಟ್ಟೆಯಲ್ಲಿ. ಮೂಲೆಯ ಮೂರು ಪಿನ್ ಬಾಗಿದ್ದವು. ಪುಣ್ಯಕ್ಕೆ ಅದು ಹಳೇ ಚಿಪ್.

ಮಾಡಬೇಕಾದ್ದು ಹೀಗೆ. ಹತ್ತು ನಿಮಿಷ ಯಾವುದಾದರೂ ಆಟ ಓಡಿಸಿ ಚಿಪ್ ಬಿಸಿ ಮಾಡಿ. ಪೇಸ್ಟ್ ಮೆತ್ತಗಾಗುತ್ತದೆ. ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ ಬಿಡಿಸಿ. ಎಎಂ5 ಮತ್ತು ಇಂಟೆಲ್‌ನಲ್ಲಿ ಚಿಪ್ ಕಬ್ಬಿಣದ ಚೌಕಟ್ಟಿನ ಕೆಳಗಿರುವುದರಿಂದ ಈ ಭಯ ಇಲ್ಲ. ಆದರೆ ಅಲ್ಲಿ ಪಿನ್ ಬೋರ್ಡ್‌ನಲ್ಲಿರುತ್ತದೆ, ಸಾಕೆಟ್ ಮೇಲೆ ಏನಾದರೂ ಬಿದ್ದರೆ ಹೋಗುವುದು ಬೋರ್ಡ್.

ಬೋರ್ಡ್ ಬದಲಿಸುವವರು ಕೇಸನ್ನೂ ಪವರ್ ಸಪ್ಲೈಯನ್ನೂ ಒಮ್ಮೆ ತೆರೆದು ನೋಡಬೇಕು. ದೊಡ್ಡ ಕಂಪನಿಗಳ ಸಿದ್ಧ ಕಂಪ್ಯೂಟರ್‌ಗಳಲ್ಲಿ ಹಲವದರ ಬೋರ್ಡ್, ಪವರ್ ಕನೆಕ್ಟರ್ ಎರಡೂ ಅವರದೇ ಅಳತೆಯವು. ಅಲ್ಲಿ ಬೋರ್ಡ್ ಬದಲು ಅಂದರೆ ಎಲ್ಲಾ ಬದಲು. ಎಎಂ5ನ ಮೊದಲ ಸ್ಟಾರ್ಟ್‌ನಲ್ಲಿ ಪರದೆ ಹಲವು ನಿಮಿಷ ಕಪ್ಪಾಗಿರುತ್ತದೆ, ರ‍್ಯಾಮನ್ನು ಪಳಗಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಒತ್ತಬೇಡಿ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ 1600 ವಿಂಡೋಸ್ 11ರ ಪಟ್ಟಿಯಲ್ಲಿ ಇರಲಿಲ್ಲ, 5600 ಇದೆ. ಬ್ಯಾಟಲ್‌ಫೀಲ್ಡ್ 6ರಂಥ ಆಟಗಳು ಈಗ ಸೆಕ್ಯೂರ್ ಬೂಟ್ (ಬಯೋಸ್‌ನ ಒಂದು ಸುರಕ್ಷತಾ ಸೆಟ್ಟಿಂಗ್) ಇಲ್ಲದೆ ತೆರೆಯುವುದೇ ಇಲ್ಲ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಬಯೋಸ್ ಅಥವಾ ಪ್ರೊಸೆಸರ್ ಬದಲಾದ ಕೂಡಲೇ ಅದು ಕೇಳಬಹುದು, ಆಗ ಹುಡುಕಲು ಕಂಪ್ಯೂಟರೇ ಇರುವುದಿಲ್ಲ. ಬೋರ್ಡ್ ಬದಲಾದರೆ ಸಿದ್ಧ ಕಂಪ್ಯೂಟರ್ ಜೊತೆ ಬಂದ ಲೈಸೆನ್ಸ್ ಕೂಡ ಸಾಮಾನ್ಯವಾಗಿ ಹಳೇ ಬೋರ್ಡ್ ಜೊತೆಗೇ ಹೋಗುತ್ತದೆ.

ಎಲ್ಲಾ ಜೋಡಿಸಿ ಅದೇ ಆಟ ತೆರೆದೆ, ಅದೇ ಸಂತೆ ಬೀದಿಗೆ ಹೋದೆ. ರ‍್ಯಾಮ್ ಅದೇ, 2017ರ ಎರಡು 8 ಜಿಬಿ ಕಡ್ಡಿ. ಗ್ರಾಫಿಕ್ಸ್ ಕಾರ್ಡ್ ಬಳಕೆ 98 ಪರ್ಸೆಂಟ್ ತೋರಿಸುತ್ತಿತ್ತು. ಎರಡು ವರ್ಷದಿಂದ ಮನೆಯಲ್ಲಿದ್ದ ಆ ಕಾರ್ಡ್‌ನ ಫ್ಯಾನ್ ಇಷ್ಟು ಸದ್ದು ಮಾಡುತ್ತದೆ ಅಂತ ಅವತ್ತೇ ನನಗೆ ಗೊತ್ತಾದದ್ದು.